ಕಾಫಿ ಕಣದಲ್ಲಿ ರೂಟ್ಸ್ ರಾಕ್: ಕೊಡಗಿನಲ್ಲಿ ತಂಡ ಕಟ್ಟಲು ಹೊರಟವರಿಗೆ

ಗೋಣಿಕೊಪ್ಪಲಿನಿಂದ ಶನಿವಾರಸಂತೆಯವರೆಗೆ ಕೊಡಗಿನ ಯಾವ ಊರಿಗೆ ಹೋದರೂ ಗಿಟಾರ್ ನುಡಿಸಬಲ್ಲ ಒಬ್ಬ ಹುಡುಗನೋ ಹುಡುಗಿಯೋ ಸಿಗುವುದು ಈಗ ಕಷ್ಟವಲ್ಲ. ಆದರೆ ನಾಲ್ಕೈದು ಮಂದಿ ಒಟ್ಟಾಗಿ ತಂಡ ಕಟ್ಟಿ, ಎರಡು ಮಳೆಗಾಲ ದಾಟಿ, ತಮ್ಮದೇ ಎನ್ನಬಹುದಾದ ಹತ್ತು ಹಾಡುಗಳನ್ನು ಕೂಡಿಸಿಕೊಳ್ಳುವುದು ಅಪರೂಪ. ನಾನು ಕಂಡ ಮಟ್ಟಿಗೆ ಇದಕ್ಕೆ ಕಾರಣ ಪ್ರತಿಭೆಯ ಕೊರತೆಯಲ್ಲ. ಯಾವುದನ್ನು ಮೊದಲು ಕಲಿಯಬೇಕು, ಯಾವುದನ್ನು ಸದ್ಯಕ್ಕೆ ಬಿಡಬೇಕು ಎಂದು ಹೇಳುವವರು ಹತ್ತಿರದಲ್ಲಿ ಇಲ್ಲದಿರುವುದು. ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಹಾಡು), ಸೋಲ್ (ಅಲ್ಲಿನ ಕಪ್ಪು ಜನರ ಚರ್ಚ್ ಹಾಡಿನಿಂದ ಬೆಳೆದ ಸಂಗೀತ), ಬ್ಲೂಸ್ (ಅಲ್ಲಿನ ಕಪ್ಪು ದುಡಿಮೆಗಾರರ ನೋವಿನ ಹಾಡು) ಮತ್ತು ಜಾನಪದ ಎಂಬ ನಾಲ್ಕು ಧಾರೆಗಳನ್ನು ರಾಕ್ ಸಂಗೀತದ ಡ್ರಮ್ಸ್ ಹಾಗೂ ಬೇಸ್ ಗಿಟಾರಿನ ಅಡಿಪಾಯದ ಮೇಲೆ ಕೂರಿಸುವ ಬಗೆಗೆ ರೂಟ್ಸ್ ರಾಕ್ ಎಂದು ಹೆಸರು. ಇದರಲ್ಲಿ ವೇಗದ ಬೆರಳುಗಾರಿಕೆಗಿಂತ ಒಬ್ಬರು ಇನ್ನೊಬ್ಬರಿಗೆ ಜಾಗ ಬಿಡುವ ಗುಣಕ್ಕೆ ಹೆಚ್ಚಿನ ಬೆಲೆ. ಹಾಡು ತಾನು ಹುಟ್ಟಿದ ನೆಲದ ಮಾತಿನಲ್ಲಿಯೇ ಇರಬೇಕೆಂಬುದು ಇದರ ಮೊದಲ ಕಟ್ಟಳೆ. ಆದ್ದರಿಂದ ಕೊಡಗಿನಲ್ಲಿ ಕುಳಿತು ಇದನ್ನು ಕಟ್ಟುವವರು ಅಮೆರಿಕದ ಹಳ್ಳಿಯ ಉಚ್ಚಾರವನ್ನು ಅನುಕರಿಸುವ ಅಗತ್ಯವಿಲ್ಲ. ಅಲ್ಲಿಂದ ಕಲಿಯಬೇಕಾದದ್ದು ಕಟ್ಟುವ ಕ್ರಮವನ್ನು, ಕಟ್ಟಡದ ಕಲ್ಲುಗಳು ನಮ್ಮಲ್ಲಿಯೇ ಇವೆ.

ಮೊದಲು ಕೇಳುವುದು

ವಾದ್ಯಗಳಿಗೆ ಹಣ ಹಾಕುವ ಮೊದಲು ತಂಡದವರೆಲ್ಲ ವಾರಕ್ಕೆರಡು ಸಂಜೆ ಒಂದೇ ಕೋಣೆಯಲ್ಲಿ ಕುಳಿತು, ಒಂದು ತಿಂಗಳಾದರೂ ಹಳೆಯ ಧ್ವನಿಮುದ್ರಣಗಳನ್ನು ಕೇಳಬೇಕು. ಒಬ್ಬೊಬ್ಬರೇ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೇಳಿದರೆ ಪ್ರತಿಯೊಬ್ಬರೂ ತಮ್ಮ ವಾದ್ಯವನ್ನು ಮಾತ್ರ ಕೇಳಿಸಿಕೊಳ್ಳುತ್ತಾರೆ. ಒಟ್ಟಿಗೆ ಕೇಳಿದಾಗ ಮಾತ್ರ ‘ಇಲ್ಲಿ ಗಿಟಾರ್ ಸುಮ್ಮನಾಯಿತು, ನೋಡಿದೆಯಾ’ ಎಂಬ ಮಾತು ಹುಟ್ಟುತ್ತದೆ.

ಕಂಟ್ರಿ ಸಂಗೀತದಲ್ಲಿ ಗಮನಿಸಬೇಕಾದದ್ದು ಕಥೆ ಹೇಳುವ ಬಗೆ. 1927ರ ಬೇಸಿಗೆಯಲ್ಲಿ ಟೆನೆಸ್ಸೀ ಮತ್ತು ವರ್ಜೀನಿಯಾ ರಾಜ್ಯಗಳ ಗಡಿಯಲ್ಲಿರುವ ಬ್ರಿಸ್ಟಲ್ ಎಂಬ ಪಟ್ಟಣಕ್ಕೆ ಧ್ವನಿಮುದ್ರಣದ ಯಂತ್ರಗಳೊಂದಿಗೆ ಬಂದಿಳಿದ ರಾಲ್ಫ್ ಪಿಯರ್, ಸುತ್ತಲಿನ ಬೆಟ್ಟಗಳ ಹಾಡುಗಾರರನ್ನು ಕರೆಸಿ ಹಾಡಿಸಿದರು. ಕಾರ್ಟರ್ ಕುಟುಂಬವೂ ಜಿಮ್ಮಿ ರಾಜರ್ಸ್ ಅವರೂ ಮೊದಲು ಮುದ್ರಣಗೊಂಡದ್ದು ಅಲ್ಲಿಯೇ. ಮೇಬೆಲ್ ಕಾರ್ಟರ್ ಅವರ ಗಿಟಾರನ್ನು ಕೇಳಿ: ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಹಾಡಿನ ಧಾಟಿಯನ್ನೇ ನುಡಿಸುತ್ತದೆ, ಉಳಿದ ಬೆರಳು ತೆಳು ತಂತಿಗಳನ್ನು ಸವರಿ ಲಯ ಕೊಡುತ್ತದೆ. ಒಬ್ಬರೇ ಇಬ್ಬರ ಕೆಲಸ ಮಾಡುವ ಈ ಪಟ್ಟನ್ನು ನಿಮ್ಮ ಗಿಟಾರಿನವರು ಮೊದಲ ಮೂರು ತಿಂಗಳಲ್ಲಿ ಕೈವಶ ಮಾಡಿಕೊಂಡರೆ, ಆಮೇಲಿನ ಅರ್ಧ ಕೆಲಸ ಮುಗಿದಂತೆ.

ಬ್ಲೂಸ್‌ನಲ್ಲಿ ಕೇಳಬೇಕಾದದ್ದು ಸಂವಾದ. ಮಿಸಿಸಿಪ್ಪಿಯ ಹತ್ತಿ ತೋಟದಲ್ಲಿ ದುಡಿಯುತ್ತಿದ್ದ ಮಡ್ಡಿ ವಾಟರ್ಸ್ 1943ರಲ್ಲಿ ಶಿಕಾಗೋ ನಗರಕ್ಕೆ ಹೋದರು. ಅಲ್ಲಿನ ಗದ್ದಲದ ಮದ್ಯದಂಗಡಿಗಳಲ್ಲಿ ಜನರಿಗೆ ಕೇಳಿಸಲೆಂದು ಎಲೆಕ್ಟ್ರಿಕ್ ಗಿಟಾರ್ ಹಿಡಿದರು. ವಾದ್ಯ ಬದಲಾದರೂ ಹಾಡುಗಾರ ಒಂದು ಸಾಲು ಹೇಳಿ ನಿಲ್ಲುವುದು, ತಂತಿ ಅದಕ್ಕೆ ಉತ್ತರ ಕೊಡುವುದು ಬದಲಾಗಲಿಲ್ಲ. ಸೋಲ್ ಸಂಗೀತದಲ್ಲಿ ಬೇಸ್ ಮತ್ತು ಡ್ರಮ್ಸ್ ನಡುವಿನ ಸ್ನೇಹವನ್ನು ಕೇಳಬೇಕು. ಮೆಂಫಿಸ್ ನಗರದ ಹಳೆಯ ಚಿತ್ರಮಂದಿರವೊಂದರಲ್ಲಿ ನಡೆಯುತ್ತಿದ್ದ ಸ್ಟ್ಯಾಕ್ಸ್ ಸ್ಟುಡಿಯೋದಲ್ಲಿ, ಜನಾಂಗಭೇದ ಇನ್ನೂ ಕಾನೂನಾಗಿದ್ದ ಕಾಲದಲ್ಲಿಯೇ ಕಪ್ಪು ಮತ್ತು ಬಿಳಿಯ ವಾದ್ಯಗಾರರು ಜೊತೆಗೆ ಕುಳಿತು ನುಡಿಸಿದರು. ಬೂಕರ್ ಟಿ. ಆ್ಯಂಡ್ ದಿ ಎಂ.ಜಿ.ಸ್ ಎಂಬ ಆ ತಂಡದ ಗಿಟಾರ್ ಎಷ್ಟು ಕಡಿಮೆ ನುಡಿಯುತ್ತದೆ ಎಂಬುದನ್ನು ಎಣಿಸಿ ನೋಡಿ. ಎಷ್ಟೋ ಕಡೆ ನಾಲ್ಕು ಎಣಿಕೆಯ ಒಂದು ಆವರ್ತಕ್ಕೆ ಎರಡೇ ಪೆಟ್ಟು, ಅದೂ ಎರಡನೆಯ ಮತ್ತು ನಾಲ್ಕನೆಯ ಎಣಿಕೆಯಲ್ಲಿ ಚುರುಕು ಸದ್ದಿನ ಸ್ನೇರ್ ಡ್ರಮ್ಮಿನ ಜೊತೆಗೂಡಿ.

ಈ ಧಾರೆಗಳು ಎಂದೂ ಬೇರೆ ಬೇರೆಯಾಗಿ ಹರಿದವಲ್ಲ. ರೈಲ್ವೆ ಕೆಲಸಗಾರರಾಗಿದ್ದ ಜಿಮ್ಮಿ ರಾಜರ್ಸ್ ಅವರ ಕಂಟ್ರಿ ಹಾಡುಗಳಲ್ಲಿ ಮೊದಲಿನಿಂದಲೂ ಬ್ಲೂಸ್ ಇದೆ. 1962ರಲ್ಲಿ ರೇ ಚಾರ್ಲ್ಸ್ ಕಂಟ್ರಿ ಹಾಡುಗಳನ್ನೇ ಆರಿಸಿಕೊಂಡು ಒಂದು ಇಡೀ ಆಲ್ಬಂ ಅನ್ನು ತಮ್ಮ ಸೋಲ್ ಕಂಠದಲ್ಲಿ ಹಾಡಿದರು. ಕೆನಡಾದ ನಾಲ್ವರು ಮತ್ತು ಆರ್ಕನ್ಸಾಸ್‌ನ ಒಬ್ಬ ಡ್ರಮ್ಮರ್ ಸೇರಿದ್ದ ದಿ ಬ್ಯಾಂಡ್ ಎಂಬ ತಂಡ 1967ರಲ್ಲಿ ನ್ಯೂಯಾರ್ಕ್ ರಾಜ್ಯದ ಹಳ್ಳಿಗಾಡಿನ ಮನೆಯೊಂದರ ನೆಲಮಾಳಿಗೆಯಲ್ಲಿ ಅಭ್ಯಾಸ ನಡೆಸಿ, ಮರುವರ್ಷ ಹೊರತಂದ ಮೊದಲ ಆಲ್ಬಂ ಈ ಬೆರಕೆಗೆ ಇಂದಿಗೂ ಪಾಠದಂತಿದೆ. ಅವರು ವಾದ್ಯಗಳನ್ನು ಪರಸ್ಪರ ಬದಲಾಯಿಸಿಕೊಳ್ಳುತ್ತಿದ್ದರು, ಮೂವರು ಸರದಿಯಂತೆ ಮುಖ್ಯ ಹಾಡುಗಾರರಾಗುತ್ತಿದ್ದರು. ನಿಮ್ಮ ತಂಡದಲ್ಲಿಯೂ ಒಬ್ಬರೇ ನಾಯಕರಾಗದಂತೆ ನೋಡಿಕೊಳ್ಳಲು ಇದು ಒಳ್ಳೆಯ ಉಪಾಯ.

ಜನ ಮತ್ತು ವಾದ್ಯ

ಐದು ಮಂದಿ ಸಾಕು: ಒಂದು ಅಕೌಸ್ಟಿಕ್ ಗಿಟಾರ್, ಒಂದು ಎಲೆಕ್ಟ್ರಿಕ್ ಗಿಟಾರ್, ಬೇಸ್, ಡ್ರಮ್ಸ್, ಮತ್ತು ಉಸಿರಿನಂತೆ ಉದ್ದನೆಯ ನಾದವನ್ನು ಹಿಡಿದು ನಿಲ್ಲುವ ಒಂದು ವಾದ್ಯ. ಈ ಐದನೆಯದಕ್ಕೆ ಅಮೆರಿಕದ ತಂಡಗಳು ಹ್ಯಾಮಂಡ್ ಆರ್ಗನ್ ಬಳಸಿದವು. ನಮ್ಮಲ್ಲಿ ಅದನ್ನು ಹುಡುಕುತ್ತ ಹೋಗುವ ಬದಲು ಮನೆಯಲ್ಲೋ ಭಜನಾ ಮಂಡಳಿಯಲ್ಲೋ ಇರುವ ಹಾರ್ಮೋನಿಯಂ ತನ್ನಿ. ಎರಡು ಮೂರು ಸ್ವರಗಳನ್ನು ಒಟ್ಟಿಗೆ ಒತ್ತಿ ಹಿಡಿದರೆ ಅದು ಸೋಲ್ ಹಾಡಿನ ಹಿಂದೆ ಬಹಳ ಚೆನ್ನಾಗಿ ಕೂರುತ್ತದೆ. ಕರ್ನಾಟಕ ಸಂಗೀತದ ಪಿಟೀಲು ಕಲಿತವರೊಬ್ಬರು ಸಿಕ್ಕರೆ ಅವರನ್ನು ಬಿಡಬೇಡಿ. ಕಂಟ್ರಿ ಧಾಟಿಗಳು ಬಹುಮಟ್ಟಿಗೆ ಮೋಹನ ರಾಗದ ಐದು ಸ್ವರಗಳ ಮೇಲೆಯೇ ನಡೆಯುತ್ತವೆ, ಬ್ಲೂಸ್‌ನ ಐದು ಸ್ವರಗಳು ಶುದ್ಧ ಧನ್ಯಾಸಿಯವು. ಆದ್ದರಿಂದ ಅವರ ಬೆರಳಿಗೆ ದಾರಿ ಗೊತ್ತಿರುತ್ತದೆ. ಆದರೆ ಎರಡು ಮಾತು ಹೇಳಬೇಕಾಗುತ್ತದೆ. ಬ್ಲೂಸ್‌ನ ಗಾಂಧಾರ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ನಿಲ್ಲುತ್ತದೆ, ಅದನ್ನು ಸರಿಪಡಿಸಲು ಹೋಗಬಾರದು. ಎರಡನೆಯದು, ರಾಗವನ್ನು ವಿಸ್ತರಿಸಬಾರದು. ಹಾಡುಗಾರ ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಮಾತ್ರ ಪಿಟೀಲಿನ ಸರದಿ.

ಮೌತ್ ಆರ್ಗನ್ ಕೊಳ್ಳುವಾಗ ಎಚ್ಚರ ಬೇಕು. ಸಾಮಾನ್ಯವಾಗಿ ಅಂಗಡಿಗಳಲ್ಲಿ ಮೊದಲು ಕೈಗೆ ಕೊಡುವುದು ಎರಡು ಸಾಲು ತೂತುಗಳಿರುವ, ನಾದ ನಡುಗುವ ಟ್ರೆಮೊಲೋ ಬಗೆಯದು. ಸಿನಿಮಾ ಹಾಡಿಗೆ ಅದು ಸೊಗಸು, ಆದರೆ ಬ್ಲೂಸ್‌ಗೆ ಬೇಕಾದಂತೆ ಸ್ವರವನ್ನು ಬಗ್ಗಿಸಲು ಅದರಲ್ಲಿ ಆಗುವುದಿಲ್ಲ. ಹತ್ತು ತೂತಿನ ಡಯಾಟೋನಿಕ್ ಬಗೆಯದನ್ನೇ ಕೇಳಿ ಪಡೆಯಿರಿ. ಹಾಡು ಜಿ ಶ್ರುತಿಯಲ್ಲಿದ್ದರೆ ಸಿ ಶ್ರುತಿಯ ವಾದ್ಯವನ್ನೂ, ಎ ಶ್ರುತಿಯಲ್ಲಿದ್ದರೆ ಡಿ ಶ್ರುತಿಯದನ್ನೂ ಹಿಡಿಯಬೇಕು. ಹಾಗೆ ಹಿಡಿದಾಗ ಉಸಿರೆಳೆದು ನುಡಿಸುವ ಸ್ವರಗಳು ಬ್ಲೂಸ್‌ಗೆ ಬೇಕಾದ ಜಾಗಕ್ಕೆ ಬಂದು ಕೂರುತ್ತವೆ ಮತ್ತು ಅವು ಬಗ್ಗುತ್ತವೆ. ತಂತಿಯ ಮೇಲೆ ಜಾರಿಸಿ ಸ್ವರ ತೆಗೆಯುವ ಸ್ಲೈಡ್ ನುಡಿಸಲು ಬಾಟಲಿಯ ಕುತ್ತಿಗೆಯ ಗಾಜು ಅಥವಾ ಸಾಕೆಟ್ ಸ್ಪ್ಯಾನರಿನ ಒಂದು ಬಿಡಿ ಸಾಕೆಟ್ ಸಾಕು. ಪೂರ್ಣ ಡ್ರಮ್ ಸೆಟ್ ಕೊಳ್ಳಲು ಹಣವಿಲ್ಲದಿದ್ದರೆ ಕಿಕ್ (ಕಾಲಿನಿಂದ ಬಡಿಯುವ ದೊಡ್ಡ ಡ್ರಮ್), ಸ್ನೇರ್, ಹೈ-ಹ್ಯಾಟ್ (ಜೋಡಿ ಲೋಹದ ತಟ್ಟೆ) ಈ ಮೂರನ್ನು ಮಾತ್ರ ತನ್ನಿ. ಉಳಿದ ಡ್ರಮ್ಮುಗಳು ಇಲ್ಲದಿದ್ದಾಗ ಡ್ರಮ್ಮರ್ ಹೆಚ್ಚು ಸಂಯಮದಿಂದ ನುಡಿಸುತ್ತಾರೆ ಎಂಬುದು ನನ್ನ ಅನುಭವ.

ಮಳೆ ಮತ್ತು ಕರೆಂಟು

ಕೊಡಗಿನಲ್ಲಿ ವಾದ್ಯದ ದೊಡ್ಡ ಶತ್ರು ಜೂನ್‌ನಿಂದ ಸೆಪ್ಟೆಂಬರಿನವರೆಗಿನ ತೇವ. ಅಕೌಸ್ಟಿಕ್ ಗಿಟಾರಿನ ಮರಕ್ಕೆ ಗಾಳಿಯಲ್ಲಿ ಶೇಕಡಾ 45ರಿಂದ 55ರಷ್ಟು ತೇವ ಹಿತ. ನಮ್ಮ ಮಳೆಗಾಲದ ಗಾಳಿ ಅದನ್ನು ಎಷ್ಟೋ ಮೀರುತ್ತದೆ. ಮರ ಉಬ್ಬಿ, ಮುಂಭಾಗದ ಹಲಗೆ ಮೇಲೆದ್ದು, ತಂತಿಗಳು ಕುತ್ತಿಗೆಯಿಂದ ದೂರವಾಗಿ ಒತ್ತಲು ಕಷ್ಟವಾಗುತ್ತದೆ, ನಾದವೂ ಮಂಕಾಗುತ್ತದೆ. ನನ್ನ ಮೊದಲ ಗಿಟಾರನ್ನು ಗೋಡೆಗೆ ನೇತುಹಾಕಿ ಒಂದು ಮಳೆಗಾಲ ಕಳೆದಾಗ ತಂತಿಗಳನ್ನು ಹಿಡಿದಿಡುವ ಸೇತುವೆಯ ಅಂಟು ಬಿಟ್ಟುಬಂದಿತ್ತು, ಹಿಂಬದಿಗೆ ಬೂಷ್ಟು ಹಿಡಿದಿತ್ತು. ಗೋಡೆಗೆ ಒರಗಿಸುವುದಾಗಲಿ, ಒಲೆಯ ಮೇಲಿನ ಅಟ್ಟಕ್ಕೆ ಏರಿಸುವುದಾಗಲಿ ಸಲ್ಲದು. ಮೊದಲನೆಯದರಲ್ಲಿ ತೇವ, ಎರಡನೆಯದರಲ್ಲಿ ಅತಿಯಾದ ಒಣಗು. ಗಟ್ಟಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿ, ಒಂದು ಸಣ್ಣ ತೇವಮಾಪಕವನ್ನೂ ಇಟ್ಟು, ಪೊಟ್ಟಣಗಳು ತೇವ ಕುಡಿದ ಮೇಲೆ ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಮತ್ತೆ ಬಳಸಿ. ಮರದ ಕಪಾಟಿನ ತಳದಲ್ಲಿ ಹಳೆಯ ಕಾಲದ 25 ವ್ಯಾಟ್ ಬಲ್ಬೊಂದನ್ನು ಉರಿಸಿ, ಬಟ್ಟೆಗೂ ಮರಕ್ಕೂ ತಗಲದಂತೆ ಅದರ ಸುತ್ತ ತಂತಿಬಲೆ ಕಟ್ಟಿ, ಮೇಲಿನ ಅಂಕಣದಲ್ಲಿ ವಾದ್ಯ ಇಡುವವರೂ ಇದ್ದಾರೆ, ಅದೂ ಒಳ್ಳೆಯದೇ. ತಂತಿಗಳನ್ನು ನುಡಿಸಿದ ಮೇಲೆ ಒಣಬಟ್ಟೆಯಿಂದ ಒರೆಸದಿದ್ದರೆ ಎರಡು ವಾರದಲ್ಲಿ ತುಕ್ಕು ಖಚಿತ. ಕೊಡವರ ಕೈವಾದ್ಯವಾದ ಚರ್ಮದ ದುಡಿಯದು ಇನ್ನೊಂದು ಬಗೆ: ತೇವಕ್ಕೆ ಚರ್ಮ ಸಡಿಲವಾಗಿ ನಾದ ಕೆಳಗಿಳಿಯುತ್ತದೆ, ನುಡಿಸುವ ಮೊದಲು ಕೆಂಡದಿಂದ ಒಂದು ಮೊಳ ದೂರದಲ್ಲಿ ಹಿಡಿದು ಬೆಚ್ಚಗೆ ಮಾಡಬೇಕು. ದುಡಿಯವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ, ಆದರೆ ಕಾರ್ಯಕ್ರಮದ ಜಾಗದಲ್ಲಿ ಕೆಂಡದ ವ್ಯವಸ್ಥೆ ಮಾಡುವ ಹೊಣೆ ತಂಡದ್ದು.

ಕರೆಂಟಿನ ವಿಷಯವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಹಳೆಯ ತೋಟದ ಮನೆಗಳಲ್ಲಿ ಅರ್ತಿಂಗ್ ಸರಿಯಾಗಿಲ್ಲದಿರುವುದು ಸಾಮಾನ್ಯ. ಎಲೆಕ್ಟ್ರಿಕ್ ಗಿಟಾರಿನ ತಂತಿ ಕೈಯಲ್ಲಿದ್ದು, ಮೈಕು ತುಟಿಗೆ ತಗಲಿದಾಗ ಶಾಕ್ ಹೊಡೆಯುವುದು ಇದರಿಂದಲೇ. ಆಂಪ್ಲಿಫೈಯರ್ ಒಂದು ಕೋಣೆಯ ಪ್ಲಗ್ಗಿನಿಂದ, ಮೈಕಿನ ಮಿಕ್ಸರ್ ಜನರೇಟರಿನಿಂದ ಎಂದು ಎರಡು ಕಡೆಯಿಂದ ಕರೆಂಟು ಎಳೆದರೆ ಅಪಾಯ ಇನ್ನೂ ಹೆಚ್ಚು. ಎಲ್ಲ ಉಪಕರಣಗಳನ್ನೂ ಅರ್ತ್ ಇರುವ ಒಂದೇ ಮೂಲಕ್ಕೆ ಸೇರಿಸಿ. ಪ್ಲಗ್ಗಿನ ಮೂರನೆಯ ಪಿನ್ನನ್ನು ಎಂದಿಗೂ ಮುರಿಯಬೇಡಿ. ಎಲೆಕ್ಟ್ರಿಷಿಯನ್ ಬಂದು ಒಮ್ಮೆ ಪರೀಕ್ಷಿಸುವವರೆಗೆ ಅಕೌಸ್ಟಿಕ್ ವಾದ್ಯಗಳಲ್ಲಿಯೇ ಅಭ್ಯಾಸ ಮಾಡಿ. ನೆಲ ಒದ್ದೆಯಿದ್ದ ದಿನ ಬರಿಗಾಲಲ್ಲಿ ನಿಂತು ಹಾಡಬಾರದು.

ಮೂರು ಸಾಲಿನ ಹಾಡು ಕಟ್ಟುವುದು

ಈ ಮಾರ್ಗದರ್ಶಿಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದುಕೊಂಡದ್ದು ಇಲ್ಲಿ. ನಮ್ಮ ಹೊಸ ತಂಡಗಳು ಕನ್ನಡದಲ್ಲಿ ಹಾಡು ಬರೆಯಲು ಹಿಂಜರಿಯುತ್ತವೆ, ಕನ್ನಡದ ಪದ ಈ ಲಯಕ್ಕೆ ಹೊಂದುವುದಿಲ್ಲ ಎಂಬ ಅಳುಕು ಅವರಿಗಿದೆ. ಆ ಅಳುಕಿಗೆ ಆಧಾರವಿಲ್ಲ.

ಬ್ಲೂಸ್‌ನ ಅತಿ ಸಾಮಾನ್ಯವಾದ ಚೌಕಟ್ಟಿನಲ್ಲಿ ಹನ್ನೆರಡು ಆವರ್ತಗಳಿವೆ, ಪ್ರತಿ ಆವರ್ತಕ್ಕೆ ನಾಲ್ಕು ಎಣಿಕೆ. ಎ ಶ್ರುತಿಯಲ್ಲಿ ಹೇಳುವುದಾದರೆ ಮೊದಲ ನಾಲ್ಕು ಆವರ್ತ ಎ, ಐದು ಮತ್ತು ಆರು ಡಿ, ಏಳು ಮತ್ತು ಎಂಟು ಮತ್ತೆ ಎ, ಒಂಬತ್ತು ಇ, ಹತ್ತು ಡಿ, ಕೊನೆಯ ಎರಡು ಎ. ನಮ್ಮ ಸ್ವರಗಳಲ್ಲಿ ಹೇಳಿದರೆ ಷಡ್ಜ, ಶುದ್ಧ ಮಧ್ಯಮ, ಪಂಚಮ ಈ ಮೂರರ ಮೇಲೆ ನಿಂತ ಮೂರು ಕಾರ್ಡುಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), ಬೇರೇನೂ ಇಲ್ಲ. ಇದರ ಮೇಲೆ ಹಾಡುವ ಪದ್ಯಕ್ಕೆ ಮೂರು ಸಾಲು. ಮೊದಲ ಸಾಲನ್ನು ಹೇಳಿ, ಅದನ್ನೇ ಎರಡನೆಯ ಸಾಲಾಗಿ ಮರಳಿ ಹೇಳಿ, ಮೂರನೆಯದರಲ್ಲಿ ಮಾತನ್ನು ಮುಗಿಸಬೇಕು.

ಮೂರು ಸಾಲು ಎಂದೊಡನೆ ಕನ್ನಡಿಗರಿಗೆ ತ್ರಿಪದಿ ನೆನಪಾಗಬೇಕು. ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡಿದ ಪದಗಳ ಛಂದಸ್ಸು ಅದು. ಹಾಡುವಾಗ ಸಾಲಿನ ಒಂದು ಭಾಗವನ್ನು ಮರಳಿ ಎತ್ತಿಕೊಂಡು, ಆಮೇಲೆ ಮುಂದಿನ ಮಾತಿಗೆ ಹೋಗುವ ರೂಢಿಯೂ ಅದರಲ್ಲಿದೆ. ತ್ರಿಪದಿಗೂ ಬ್ಲೂಸ್‌ಗೂ ರಕ್ತಸಂಬಂಧವಿಲ್ಲ, ಒಂದರಿಂದ ಇನ್ನೊಂದು ಹುಟ್ಟಿದ್ದಲ್ಲ. ದುಡಿಯುವ ಕೈಗಳ ಜೊತೆಗೆ ಹಾಡಿದ ಎರಡು ದೂರದ ಜನಸಮುದಾಯಗಳಿಗೆ, ಒಂದು ಮಾತನ್ನು ಎರಡು ಸಲ ಹೇಳಿ ಮೂರನೆಯದನ್ನು ಯೋಚಿಸಿಕೊಳ್ಳುವ ಬಿಡುವು ಬೇಕಾಗಿತ್ತು ಎಂದು ನಾನು ಊಹಿಸುತ್ತೇನೆ. ಏನೇ ಇರಲಿ, ಹಾಡು ಕಟ್ಟುವವರಿಗೆ ಇದೊಂದು ದೊಡ್ಡ ಅನುಕೂಲ.

ಕಟ್ಟುವ ಬಗೆಯನ್ನು ಒಂದು ಉದಾಹರಣೆಯಿಂದ ತೋರಿಸುತ್ತೇನೆ. ಎಲ್ಲರಿಗೂ ಗೊತ್ತಿರುವ ಗಾದೆಯನ್ನೇ ಮೊದಲ ಸಾಲಾಗಿ ಹಿಡಿದಿದ್ದೇನೆ:

ಮಳೆ ನಿಂತರು ಮರದಾ ಹನಿ ನಿಲ್ಲದು
ಮಳೆ ನಿಂತರು ಮರದಾ ಹನಿ ನಿಲ್ಲದು
ದಾರಿಯು ಒಣಗಿತು ಹೆಜ್ಜೆಯು ಕಾಣದು

ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಶಾಲೆಯಲ್ಲಿ ಕಲಿತ ಪ್ರಸ್ತಾರವನ್ನು ಇಲ್ಲಿ ಹಾಕಿ ನೋಡಿ. ‘ಮಳೆನಿಂ’, ‘ತರುಮರ’, ‘ದಾಹನಿ’, ‘ನಿಲ್ಲದು’ ಎಂದು ನಾಲ್ಕು ಮಾತ್ರೆಯ ನಾಲ್ಕು ಗಣಗಳು. ಮೂರನೆಯ ಸಾಲಿನಲ್ಲಿ ‘ದಾರಿಯು’, ‘ಒಣಗಿತು’, ‘ಹೆಜ್ಜೆಯು’, ‘ಕಾಣದು’ ಎಂದು ಮತ್ತೆ ನಾಲ್ಕು. ಒಂದು ಎಣಿಕೆಗೆ ಎರಡು ಮಾತ್ರೆಯಂತೆ ಹಾಡಿದರೆ ಹದಿನಾರು ಮಾತ್ರೆಗಳಿಗೆ ಸರಿಯಾಗಿ ಎರಡು ಆವರ್ತ. ಪ್ರತಿ ಸಾಲಿನ ಪಾಲಿಗೆ ನಾಲ್ಕು ಆವರ್ತಗಳಿರುವುದರಿಂದ ಉಳಿದ ಎರಡು ಆವರ್ತಗಳು ಗಿಟಾರಿಗೋ ಮೌತ್ ಆರ್ಗನ್ನಿಗೋ ಸಲ್ಲುತ್ತವೆ. ಹಾಡುಗಾರ ಕೇಳುತ್ತಾನೆ, ವಾದ್ಯ ಹೇಳುತ್ತದೆ. ಕಂಟ್ರಿಯ ನೇರ ನಡೆಯಲ್ಲಿಯೂ ಈ ಸಾಲು ನಿಲ್ಲುತ್ತದೆ. ಬ್ಲೂಸ್‌ನ ತೂಗುನಡೆ ಬೇಕಾದರೆ ಪ್ರತಿ ಎಣಿಕೆಯ ಮೊದಲ ಮಾತ್ರೆಯನ್ನು ತುಸು ಎಳೆದು ಎರಡನೆಯದನ್ನು ಮೊಟಕು ಮಾಡಿದರಾಯಿತು.

ಮೂರು ಮಾತ್ರೆಯ ಗಣಗಳಲ್ಲಿ ಬರೆದ ಹಾಡು ಸೋಲ್‌ನ ನಿಧಾನಗತಿಗೆ ಹೊಂದುತ್ತದೆ, ಏಕೆಂದರೆ ಅಲ್ಲಿ ಪ್ರತಿ ಎಣಿಕೆಯೂ ಮೂರಾಗಿ ಒಡೆದು ಉರುಳುತ್ತದೆ. ಒಂದು ಗಣಕ್ಕೆ ಒಂದು ಎಣಿಕೆ ಎಂದು ಕೂರಿಸಿದರೆ ಪದಗಳು ತಾವಾಗಿಯೇ ತೂಗುತ್ತವೆ. ಐದು ಮಾತ್ರೆಯ ಗಣ ಕಾವ್ಯದಲ್ಲಿ ಬಹಳ ಚೆಲುವಾದದ್ದು, ಆದರೆ ಎರಡು ಮತ್ತು ನಾಲ್ಕರ ಪೆಟ್ಟಿಗೆ ಅದು ಒಗ್ಗುವುದಿಲ್ಲ. ಆರಂಭದಲ್ಲಿ ಅದನ್ನು ಮುಟ್ಟಬೇಡಿ. ಇನ್ನೊಂದು ಸೂಕ್ಷ್ಮವಿದೆ. ಕನ್ನಡ ಪದದ ಒತ್ತು ಮೊದಲ ಅಕ್ಷರದ ಮೇಲೆ ಬೀಳುತ್ತದೆ. ಇಂಗ್ಲಿಷ್ ಹಾಡಿನ ಧಾಟಿಗೆ ಕನ್ನಡ ಪದ ತುಂಬಿದಾಗ ಒತ್ತು ಪದದ ನಡುವೆಯೋ ಕೊನೆಯಲ್ಲೋ ಬಿದ್ದು ಮಾತು ವಿಕಾರವಾಗುತ್ತದೆ. ಆದ್ದರಿಂದ ಧಾಟಿಯನ್ನು ಮೊದಲು ಮಾಡಿ ಪದ ತುಂಬುವುದರ ಬದಲು, ಸಾಲನ್ನು ಮೊದಲು ಬಾಯಲ್ಲಿ ಗಟ್ಟಿಯಾಗಿ ಹೇಳಿ, ಆ ಮಾತಿನ ಏರಿಳಿತವನ್ನೇ ಸ್ವಲ್ಪ ಹಿಗ್ಗಿಸಿ ಧಾಟಿ ಮಾಡಿ. ಶಿಶುನಾಳ ಶರೀಫರ ತತ್ವಪದಗಳನ್ನು ರಘು ದೀಕ್ಷಿತ್ ರಾಕ್ ತಂಡದೊಂದಿಗೆ ಹಾಡಿದಾಗ ಅವು ನಾಡಿನಾಚೆಗೂ ತಲುಪಿದ್ದಕ್ಕೆ ಮಾತಿನ ಒತ್ತು ಕೆಡದೆ ಉಳಿದದ್ದು ಒಂದು ಮುಖ್ಯ ಕಾರಣವೆಂದು ನಾನು ತಿಳಿದಿದ್ದೇನೆ.

ವಸ್ತುವನ್ನು ದೂರದಲ್ಲಿ ಹುಡುಕಬೇಡಿ. ರೈಲು ಹಳಿಯೇ ಕಾಣದ ಜಿಲ್ಲೆಯಲ್ಲಿ ಕುಳಿತು ರೈಲಿನ ಹಾಡು ಬರೆಯುವವರನ್ನು ಕಂಡಿದ್ದೇನೆ. ಅವರಿಗೆ ನಾನು ಹೇಳುವುದು, ಕುಟ್ಟದ ಕಡೆಗೆ ಹೋಗುವ ಕೊನೆಯ ಬಸ್ಸಿನ ಮೇಲೆ ಬರೆಯಿರಿ, ಕಾಫಿ ಹೂ ಅರಳಿಸುವ ಹೂಮಳೆ ತಪ್ಪಿದ ವರ್ಷದ ಮೇಲೆ ಬರೆಯಿರಿ, ತೋಟದ ಕೆಲಸಗಾರರ ಲೈನ್ ಮನೆಯಿಂದ ಊರು ಬಿಟ್ಟವರ ಮೇಲೆ, ಆನೆ ನುಗ್ಗಿದ ಗದ್ದೆಯ ಮೇಲೆ, ಬೆಂಗಳೂರಿಗೆ ಹೋದ ಮಕ್ಕಳ ಖಾಲಿ ಕೋಣೆಗಳ ಮೇಲೆ.

ದುಡಿ, ವಾಲಗ ಮತ್ತು ಒಪ್ಪಿಗೆ

ನಾಲ್ಕನೆಯ ಧಾರೆಯಾದ ಜಾನಪದಕ್ಕೆ ಬಂದಾಗ ಕೊಡಗಿನವರು ಬಹಳ ಶ್ರೀಮಂತರು. ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ ಕೊಡವ ಹಾಡುಗಳ ಭಂಡಾರ. ಒಂದು ಭಾಷಾಸಮುದಾಯದ ಮೌಖಿಕ ಹಾಡುಗಳನ್ನು ಅಷ್ಟು ಹಿಂದೆಯೇ ಅಷ್ಟು ಶ್ರದ್ಧೆಯಿಂದ ಬರೆದಿಟ್ಟದ್ದು ನೆನೆದಾಗ ಇಂದಿಗೂ ಕೃತಜ್ಞತೆ ಮೂಡುತ್ತದೆ. ದುಡಿಕೊಟ್ಟ್ ಪಾಟ್‌ನಲ್ಲಿ ನಾಲ್ವರು ದುಡಿ ಹಿಡಿದು ಹಾಡುವಾಗ ಇಬ್ಬರು ಸಾಲನ್ನು ಎತ್ತಿಕೊಟ್ಟರೆ ಇನ್ನಿಬ್ಬರು ಅದನ್ನು ಹಿಡಿದು ನಡೆಸುತ್ತಾರೆ. ಸೋಲ್ ಹಾಡಿನಲ್ಲಿ ಮುಖ್ಯ ಗಾಯಕನಿಗೆ ಹಿಂದಿನವರು ಓಗೊಡುವ ಕ್ರಮಕ್ಕೆ ಇದಕ್ಕಿಂತ ಒಳ್ಳೆಯ ಶಿಕ್ಷಣ ನಮಗೆ ಬೇರೆಲ್ಲೂ ಸಿಗದು. ವಾಲಗದ ಕುಣಿತದ ನಡೆಯಂತೂ ನನ್ನ ಕಿವಿಗೆ ಮೂರು ಮೂರಾಗಿ ಉರುಳುವಂಥದ್ದು. ಸೋಲ್‌ನ ನಿಧಾನದ ಹಾಡಿನ ಕೆಳಗೆ ಅದನ್ನು ಇಟ್ಟರೆ ಎರಡೂ ಒಂದೇ ಹೆಜ್ಜೆಯಲ್ಲಿ ನಡೆಯುತ್ತವೆ. ಡ್ರಮ್ಮರ್ ಇಲ್ಲಿ ಮಾಡಬೇಕಾದ ಕೆಲಸ ಒಂದೇ: ದುಡಿ ನುಡಿಯುವಾಗ ಹೈ-ಹ್ಯಾಟನ್ನು ಪೂರ್ತಿ ಬಿಟ್ಟು, ಕಿಕ್ ಮಾತ್ರ ಉಳಿಸಿಕೊಳ್ಳುವುದು. ಎರಡೂ ಒಂದೇ ಎತ್ತರದ ನಾದದಲ್ಲಿ ಬಡಿದಾಡಿದರೆ ಕೇಳುವವರಿಗೆ ಗಲಾಟೆ ಮಾತ್ರ ಉಳಿಯುತ್ತದೆ.

ಆದರೆ ಕೇಳಿದ್ದನ್ನೆಲ್ಲ ವೇದಿಕೆಗೆ ತರುವ ಹಕ್ಕು ನಮಗಿಲ್ಲ. ಮದುವೆಗೆ, ಸಾವಿಗೆ, ಹಬ್ಬಕ್ಕೆ ಎಂದು ವಾಲಗದ ನಡೆಗಳು ಬೇರೆ ಬೇರೆ. ಸೊಗಸಾಗಿದೆಯೆಂದು ಮುದ್ರಿಸಿಕೊಂಡು ಬಂದ ನಡೆ ಸಾವಿನ ಮನೆಯದಾಗಿದ್ದು, ಅದನ್ನು ಮದುವೆಯಲ್ಲಿ ನುಡಿಸಿದರೆ ಆಗುವ ನೋವನ್ನು ಯಾವ ಕ್ಷಮೆಯೂ ಅಳಿಸದು. ದೈವ ಮೈಮೇಲೆ ಬರುವ ಆಚರಣೆಯಾದ ತೆರೆಯ ಹಾಡುಗಳನ್ನು, ಹಿರಿಯರ ಆರಾಧನೆಯ ಹಾಡುಗಳನ್ನು ಅವುಗಳ ಜಾಗದಲ್ಲಿಯೇ ಬಿಡಿ. ಎರವರ, ಕುರುಬರ ಹಾಡಿಗಳಿಗೆ (ಬುಡಕಟ್ಟು ಜನರ ಕೇರಿಗಳಿಗೆ) ಹೋಗಿ ಧಾಟಿ ಕಲಿಯುವವರು ಮೊದಲು ಹಿರಿಯರ ಒಪ್ಪಿಗೆ ಪಡೆಯಬೇಕು, ಯಾರಿಂದ ಕಲಿತೆವೋ ಅವರ ಹೆಸರನ್ನು ಅವರು ಒಪ್ಪಿದರೆ ವೇದಿಕೆಯ ಮೇಲೆ ಹೇಳಬೇಕು, ಹಣ ಬಂದಾಗ ಅದರಲ್ಲಿ ಅವರ ಪಾಲನ್ನು ಮುಟ್ಟಿಸಬೇಕು. ಬ್ಲೂಸ್ ಹಾಡಿದ ಎಷ್ಟೋ ಕಪ್ಪು ಕಲಾವಿದರಿಗೆ ಅವರ ಹಾಡಿನಿಂದ ಬಂದ ಹಣ ತಲುಪಲೇ ಇಲ್ಲ ಎಂಬುದು ಈ ಸಂಗೀತದ ಇತಿಹಾಸದಲ್ಲಿಯೇ ಇರುವ ಕಳಂಕ; ಆ ಸಂಗೀತವನ್ನು ಪ್ರೀತಿಸುವವರು ಅದೇ ತಪ್ಪನ್ನು ಇಲ್ಲಿ ಮರಳಿ ಮಾಡುವುದು ಸರಿಯಲ್ಲ. ವಾಲಗದವರನ್ನು ಜೊತೆಗೆ ಕರೆದಾಗ ಅವರ ದಿನದ ಸಂಭಾವನೆಯನ್ನು ಪೂರ್ತಿಯಾಗಿ ಕೊಟ್ಟು, ಊಟಕ್ಕೆ ಒಂದೇ ಪಂಕ್ತಿಯಲ್ಲಿ ಕೂರಬೇಕು.

ಅಭ್ಯಾಸದ ವರ್ಷಚಕ್ರ

ನವೆಂಬರಿನಿಂದ ಮಾರ್ಚಿನವರೆಗೆ ಕಾಫಿ ಕೊಯ್ಲು ನಡೆಯುವಾಗ ಯಾರಿಗೂ ಬಿಡುವಿರುವುದಿಲ್ಲ. ಅರೇಬಿಕಾ ಮುಗಿಯುವಷ್ಟರಲ್ಲಿ ರೊಬಸ್ಟಾ ಬರುತ್ತದೆ. ಆದ್ದರಿಂದ ಹೊಸ ಹಾಡು ಕಟ್ಟುವ ಕಾಲ ಮಳೆಗಾಲವೇ. ಗದ್ದೆ ನಾಟಿ ಮುಗಿದ ಮೇಲೆ ವಾರಕ್ಕೆ ಮೂರು ಸಂಜೆ ಸಿಕ್ಕರೆ ಸೆಪ್ಟೆಂಬರಿನಲ್ಲಿ ಬರುವ ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಹೊತ್ತಿಗೆ ಐದು ಹಾಡು ಸಿದ್ಧವಾಗುತ್ತವೆ. ತಗಡಿನ ಸೂರಿನ ಗೋದಾಮು ಮಳೆಯ ಸದ್ದಿಗೆ ಉಪಯೋಗವಿಲ್ಲ. ಹಂಚಿನ ಮನೆಯ ಹಲಗೆಯ ಅಟ್ಟ ಇರುವ ಕೋಣೆಯೇ ಮೇಲು. ಗೋಡೆಗಳಿಗೆ ಖಾಲಿ ಗೋಣಿಚೀಲಗಳನ್ನು ಎರಡು ಪದರವಾಗಿ ತೂಗುಹಾಕಿದರೆ ಪ್ರತಿಧ್ವನಿ ಸಾಕಷ್ಟು ಇಳಿಯುತ್ತದೆ, ಆದರೆ ಚೀಲಗಳು ಒಣಗಿರಬೇಕು. ಆನೆ ಓಡಾಡುವ ಕಡೆ ಕತ್ತಲಾಗುವ ಮೊದಲೇ ಮುಗಿಸಿ ಮನೆ ಸೇರಬೇಕು. ಇಲ್ಲವೇ ಅಭ್ಯಾಸ ನಡೆಯುವ ಮನೆಯಲ್ಲಿಯೇ ತಂಗಬೇಕು.

ಅಭ್ಯಾಸದ ಮೊದಲ ಅರ್ಧ ಗಂಟೆ ಬೇಸ್ ಮತ್ತು ಕಿಕ್ ಮಾತ್ರ ನುಡಿಯಲಿ, ಉಳಿದವರು ಚಪ್ಪಾಳೆಯಲ್ಲಿ ಎರಡು ಮತ್ತು ನಾಲ್ಕನ್ನು ಹಿಡಿಯಲಿ. ನಮ್ಮ ಕೈಗಳಿಗೆ ಭಜನೆಯ ರೂಢಿಯಿಂದ ಒಂದು ಮತ್ತು ಮೂರರ ಮೇಲೆ ಬೀಳುವ ಅಭ್ಯಾಸವಿರುತ್ತದೆ. ಅದನ್ನು ತಿದ್ದಲು ಬೇರೆ ದಾರಿ ನನಗೆ ಕಂಡಿಲ್ಲ. ಆಮೇಲೆ ಹಾಡನ್ನು ವಾದ್ಯವಿಲ್ಲದೆ ಒಮ್ಮೆ ಹಾಡಿ, ಪ್ರತಿ ಸಲ ಒಂದೊಂದೇ ವಾದ್ಯ ಸೇರಿಸುತ್ತ ಹೋಗಿ. ಯಾವ ವಾದ್ಯ ಸೇರಿದಾಗ ಹಾಡಿನ ಪದ ಕೇಳಿಸದಂತಾಗುತ್ತದೆಯೋ ಆ ವಾದ್ಯಗಾರರು ತಮ್ಮ ನುಡಿಕೆಯನ್ನು ಅರ್ಧಕ್ಕೆ ಇಳಿಸಬೇಕು. ಇದರ ಬಗ್ಗೆ ಮನಸ್ತಾಪ ಬರುವುದು ಸಹಜ. ಮೊಬೈಲನ್ನು ಕೋಣೆಯ ನಡುವೆ ಇಟ್ಟು ಮುದ್ರಿಸಿ ಎಲ್ಲರೂ ಕುಳಿತು ಕೇಳಿದರೆ ವಾದ ತಾನಾಗಿ ನಿಲ್ಲುತ್ತದೆ.

ವೇದಿಕೆ ಮತ್ತು ಮುದ್ರಣ

ಮೊದಲ ಕಾರ್ಯಕ್ರಮ ಊರಿನ ಶಾಲೆಯ ವಾರ್ಷಿಕೋತ್ಸವದಲ್ಲೋ ನೆಂಟರ ಮನೆಯ ಅಂಗಳದಲ್ಲೋ ಆಗಲಿ, ಅರ್ಧ ಗಂಟೆಗೆ ಮೀರದಿರಲಿ. ರೆಸಾರ್ಟುಗಳು ಕರೆದಾಗ ಸಂಭಾವನೆ, ಸಮಯ, ಊಟ, ವಾಹನ ಇವನ್ನೆಲ್ಲ ಮೊದಲೇ ಬರೆದು ಒಪ್ಪಿಸಿಕೊಳ್ಳಿ. ಒಮ್ಮೆ ಬಾಯಿಮಾತು ನಂಬಿ ಹೋಗಿ, ಅರ್ಧ ಹಣದಲ್ಲಿ ಮರಳಿದ ಅನುಭವ ನಮ್ಮ ತಂಡಕ್ಕಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಕಾಡಂಚಿನ ಜಾಗವಾದರೆ ಒಂಬತ್ತಕ್ಕೇ ನಿಲ್ಲಿಸುವುದು ಒಳ್ಳೆಯದು. ಬೇರೆಯವರ ಹಾಡುಗಳನ್ನು ಸಾರ್ವಜನಿಕವಾಗಿ ನುಡಿಸಲು ಪರವಾನಗಿ ಬೇಕಾಗುತ್ತದೆ, ಅದನ್ನು ಕಾರ್ಯಕ್ರಮದ ಆಯೋಜಕರು ಪಡೆದಿದ್ದಾರೆಯೇ ಎಂದು ಕೇಳಿಕೊಳ್ಳಿ. ಧ್ವನಿವ್ಯವಸ್ಥೆ ಮಾಡುವಾಗ ಹಾಡುಗಾರರ ಮೈಕನ್ನು ಮೊದಲು ಸರಿಹೊಂದಿಸಿ, ಉಳಿದದ್ದೆಲ್ಲ ಅದಕ್ಕಿಂತ ಕೆಳಗೆ ಇರಲಿ. ಬಂದ ಹಣವನ್ನು ಅಂದೇ ರಾತ್ರಿ, ವಾಹನ ಹತ್ತುವ ಮೊದಲು, ಎಲ್ಲರ ಎದುರಿನಲ್ಲಿ ಎಣಿಸಿ ಹಂಚಿ. ಒಂದು ಪಾಲನ್ನು ತಂತಿ ಮತ್ತು ರಿಪೇರಿಗೆಂದು ತೆಗೆದಿಡಿ.

ಮುದ್ರಣಕ್ಕೆ ಬಿಡಿಬಿಡಿಯಾಗಿ ನುಡಿಸಿ ಜೋಡಿಸುವ ಕ್ರಮ ಈ ಸಂಗೀತಕ್ಕೆ ಒಪ್ಪುವುದಿಲ್ಲ. ಎಲ್ಲರೂ ಒಂದೇ ಕೋಣೆಯಲ್ಲಿ ಅರ್ಧ ವೃತ್ತವಾಗಿ ನಿಂತು, ಒಳ್ಳೆಯ ಮೈಕೊಂದನ್ನು ನಡುವೆ ಇಟ್ಟು, ಹಾಡುವವರು ಹತ್ತಿರ, ಗಿಟಾರು ಎರಡು ಹೆಜ್ಜೆ ಹಿಂದೆ, ಡ್ರಮ್ಸ್ ಕೋಣೆಯ ಮೂಲೆಯಲ್ಲಿ ಎಂದು ದೂರವನ್ನೇ ಹೊಂದಿಸಿಕೊಂಡು ನುಡಿಸಿ; ಸರದಿ ಬಂದವರು ಒಂದು ಹೆಜ್ಜೆ ಮುಂದೆ ಬಂದು ಮತ್ತೆ ಹಿಂದೆ ಸರಿಯಲಿ. ಗಾಳಿ ಒಣಗಿ ಮರದ ನಾದ ಬಿಚ್ಚಿಕೊಳ್ಳುವ ಫೆಬ್ರವರಿ ಮತ್ತು ಮಾರ್ಚ್ ತಿಂಗಳು ಇದಕ್ಕೆ ಸೂಕ್ತ, ಕೊಯ್ಲಿನ ನಡುವೆ ಒಂದು ಭಾನುವಾರವನ್ನು ಹೇಗಾದರೂ ಬಿಡಿಸಿಕೊಳ್ಳಬೇಕು. ಆದರೆ ರೊಬಸ್ಟಾ ತೋಟಗಳಲ್ಲಿ ಹೂವಿಗಾಗಿ ಸ್ಪ್ರಿಂಕ್ಲರ್ ಹಾಕುವ ಕಾಲವೂ ಅದೇ ಆಗಿರುವುದರಿಂದ ಡೀಸೆಲ್ ಪಂಪಿನ ಸದ್ದು ಹಗಲೂ ರಾತ್ರಿ ಕಣಿವೆ ತುಂಬ ಕೇಳಿಸುತ್ತಿರುತ್ತದೆ. ದಿನ ಗೊತ್ತುಮಾಡುವ ಮೊದಲು ಪಕ್ಕದ ತೋಟದವರ ಮನೆಗೆ ಹೋಗಿ, ಅವರು ಯಾವತ್ತು ನೀರು ಹಾಯಿಸುತ್ತಾರೆಂದು ಕೇಳಿಕೊಂಡು ಬನ್ನಿ.